ಬಸಿರಿನಲ್ಲಿ ಹುಳುಕಡ್ಡಿ: ಯಾವ ಮುಲಾಮು ಹಚ್ಚಬಹುದು, ಯಾವುದನ್ನು ಹಚ್ಚಬಾರದು?

ಪ್ರಶ್ನೆ — ಕೇಳಿದವರು: ಚೈತ್ರದ ಚಿಗುರು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇದು ನನ್ನ ಚೊಚ್ಚಲ ಬಸಿರು. ಈಗ 22ನೇ ವಾರ ನಡೆಯುತ್ತಿದೆ. ಬಿಸಿಲು ಏರಿದಾಗಿನಿಂದ ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗದ ಉದ್ದಕ್ಕೂ ತುರಿಕೆ ಶುರುವಾಯಿತು. ಬೆವರುಸಾಲೆ ಇರಬಹುದೆಂದು ಪೌಡರ್ ಹಾಕಿಕೊಂಡು ಸುಮ್ಮನಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಲ್ಲಿ ಎರಡು ಕೆಂಪು ಉಂಗುರಗಳು ಮೂಡಿ, ಅಂಚು ಉಬ್ಬಿ, ನಡುವೆ ಚರ್ಮ ತಿಳಿಯಾಗಿ, ಹೊಟ್ಟು ಏಳತೊಡಗಿತು. ಆಮೇಲೆ ತೊಡೆಸಂದಿಗೂ ಹಬ್ಬಿತು. ಪಾಠ ಮಾಡುವಾಗ ತುರಿಸಿಕೊಳ್ಳಲಾಗದೆ ಕಣ್ಣಲ್ಲಿ ನೀರು ಬರುತ್ತದೆ.

ನಮ್ಮ ಯಜಮಾನರು ಪಟ್ಟಣದ ಒಂದು ಔಷಧಿ ಅಂಗಡಿಯಲ್ಲಿ ಹುಳುಕಡ್ಡಿಗೆ ಎಂದು ಕೇಳಿ 15 ಗ್ರಾಂನ ಟ್ಯೂಬು ತಂದರು. ಹಚ್ಚಿಕೊಳ್ಳುವವಳು ಬಸುರಿ ಎಂದು ಇವರು ಹೇಳಲಿಲ್ಲ, ಅಂಗಡಿಯವರೂ ಕೇಳಲಿಲ್ಲ. ಮೂರೇ ದಿನಕ್ಕೆ ತುರಿಕೆ ನಿಂತಿತು. ಒಂಬತ್ತು ದಿನ ಹಚ್ಚಿ ನಿಲ್ಲಿಸಿದೆ. ನಿಲ್ಲಿಸಿದ ನಾಲ್ಕನೇ ದಿನ ಉಂಗುರ ಮೊದಲಿಗಿಂತ ದೊಡ್ಡದಾಗಿ ಮರಳಿ ಬಂದಿತು. ಆಗ ಮೊಬೈಲಿನಲ್ಲಿ ಟ್ಯೂಬಿನ ಫೋಟೊ ತೆಗೆದು ದೊಡ್ಡದು ಮಾಡಿ ಸಣ್ಣ ಅಕ್ಷರಗಳನ್ನು ಓದಿದೆ. ಕ್ಲೋಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಎಂದು ನಾಲ್ಕು ಹೆಸರುಗಳಿವೆ. ಅರ್ಧ ಟ್ಯೂಬು ಖಾಲಿಯಾಗಿದೆ. ಅಂದಿನಿಂದ ನನಗೆ ನಿದ್ದೆ ಬರುತ್ತಿಲ್ಲ.

ನನ್ನ ಸಂದೇಹಗಳು ಇವು. ಒಂಬತ್ತು ದಿನ ಹಚ್ಚಿದ್ದರಿಂದ ಮಗುವಿಗೆ ತೊಂದರೆಯಾಗಿರಬಹುದೇ? ಈಗ ಏನನ್ನು ಹಚ್ಚಬಹುದು? ಇದೇ ಕಾಯಿಲೆಗೆಂದು ಯಜಮಾನರಿಗೆ ಹಿಂದೆ ವೈದ್ಯರು ಬರೆದುಕೊಟ್ಟ ಇಟ್ರಾಕೊನಜೋಲ್ ಕ್ಯಾಪ್ಸೂಲುಗಳು ಮನೆಯಲ್ಲಿ ಉಳಿದಿವೆ, ಅವನ್ನು ನಾನು ನುಂಗಬಹುದೇ? ನಮ್ಮ ಅತ್ತೆಯವರು ಬೆಳ್ಳುಳ್ಳಿ ಜಜ್ಜಿ ಕಟ್ಟು, ಇಲ್ಲವೇ ತಗಚೆ ಸೊಪ್ಪು ಅರೆದು ಹಚ್ಚು, ಇಂಗ್ಲಿಷ್ ಔಷಧ ಬೇಡ ಎನ್ನುತ್ತಾರೆ. ಒಂದು ವಾರದಿಂದ ಬಿಳಿಮುಟ್ಟೂ ಹೆಚ್ಚಾಗಿದೆ; ಇದೇ ಹುಳುಕಡ್ಡಿ ಒಳಗೆ ಇಳಿದಿದೆಯೇ ಎಂಬ ಭಯವಿದೆ. ತೊಡೆಸಂದಿಯ ವಿಷಯವಾದ್ದರಿಂದ ತಪಾಸಣೆಯ ದಿನ ವೈದ್ಯರ ಮುಂದೆ ಬಾಯಿ ಬಿಡಲು ನಾಚಿಕೆಯಾಗಿ ಹಾಗೆಯೇ ಎದ್ದು ಬಂದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ — ಹಳೆಯ ಫಾರ್ಮಸಿಸ್ಟ್, ತುಮಕೂರು

ತಾಯೀ, ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಈಚೆ ನಿಂತವನು. ಚಿಕಿತ್ಸೆಯನ್ನು ಹೇಳುವುದು ವೈದ್ಯರ ಕೆಲಸ. ಟ್ಯೂಬನ್ನು ಓದುವ ಬಗೆಯನ್ನಷ್ಟೇ ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಆದದ್ದು ನಮ್ಮ ರಾಜ್ಯದ ಊರೂರಿನಲ್ಲೂ ದಿನವೂ ಆಗುತ್ತಿದೆ.

ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿರುವುದೇ ಔಷಧದ ನಿಜವಾದ ಹೆಸರು. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್ ಇವೆಲ್ಲ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರವನ್ನು, ಎಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯನ್ನು, ಕೊಲ್ಲುವ ಔಷಧಗಳು. ಆರ್ನಿಡಜೋಲ್ ಕೂಡ ಕಿವಿಗೆ ಹಾಗೆಯೇ ಕೇಳಿಸುತ್ತದೆ, ಆದರೆ ಅದು ಈ ಜಾತಿಯದಲ್ಲ. ಹುಳುಕಡ್ಡಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನು 'ಸೋನ್' ಎಂದು ಮುಗಿಯುವ ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಸೋನ್, ಹಾಗೆಯೇ 'ಸಾಲ್' ಎಂದು ಮುಗಿಯುವ ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್ ಇವು ಉರಿಯೂತ, ತುರಿಕೆಗಳನ್ನು ಅಡಗಿಸುವ ಸ್ಟಿರಾಯ್ಡ್‌ಗಳು. ಮುಲಾಮಿನ ಸ್ಟಿರಾಯ್ಡ್‌ಗಳಲ್ಲಿ ಕ್ಲೋಬೆಟಸಾಲ್ ಅತಿ ಪ್ರಬಲ ವರ್ಗಕ್ಕೆ ಸೇರಿದ್ದು. ನಿಮ್ಮ ತುರಿಕೆಯನ್ನು ಮೂರು ದಿನದಲ್ಲಿ ನಿಲ್ಲಿಸಿದ್ದು ಅದೇ. ಅದು ಶಿಲೀಂಧ್ರವನ್ನು ಕೊಲ್ಲಲಿಲ್ಲ, ಚರ್ಮ ಶಿಲೀಂಧ್ರದೊಡನೆ ಹೋರಾಡುವುದನ್ನು ನಿಲ್ಲಿಸಿತು. ಕಾವಲುಗಾರನನ್ನು ಮಲಗಿಸಿದರೆ ಮನೆ ನಿಶ್ಶಬ್ದವಾಗುತ್ತದೆ, ಕಳ್ಳ ಒಳಗೇ ಇರುತ್ತಾನೆ.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಎಂದರೆ, ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಮಾರುತ್ತಾರೆ. ಗಿರಾಕಿ ಬೇಗ ಗುಣವಾಯಿತೆಂದು ಹೊಗಳುತ್ತಾನೆ, ಮತ್ತೆ ಅದನ್ನೇ ಕೇಳಿಕೊಂಡು ಬರುತ್ತಾನೆ. ನನ್ನ ವೃತ್ತಿಯವರ ಬಗ್ಗೆ ಇದನ್ನು ಬರೆಯಲು ನನಗೆ ನೋವಾಗುತ್ತದೆ. ಔಷಧ ಕೇಳಲು ಬಂದವರಿಗೆ 'ಯಾರಿಗೆ, ಎಷ್ಟು ವಯಸ್ಸು, ಬಸುರಿಯೇ, ಬಾಣಂತಿಯೇ' ಎಂದು ಕೇಳುವುದು ನಮ್ಮ ಮೊದಲ ಕರ್ತವ್ಯ.

ಇನ್ನೊಂದು ಎಚ್ಚರ. ಕೆಲವು ಹೆಸರಾಂತ ಮುಲಾಮುಗಳು ಒಂಟಿ ಔಷಧವಾಗಿಯೂ ಸಿಗುತ್ತವೆ, ಅದೇ ಹೆಸರಿನ ಹಿಂದೆ ಒಂದು ಅಕ್ಷರ ಸೇರಿಕೊಂಡು ಸ್ಟಿರಾಯ್ಡ್ ಬೆರೆತ ರೂಪದಲ್ಲಿಯೂ ಸಿಗುತ್ತವೆ. ಡಬ್ಬಿಯ ಬಣ್ಣ ಹೆಚ್ಚುಕಡಿಮೆ ಒಂದೇ. ಆದ್ದರಿಂದ ವೈದ್ಯರು ಬರೆದ ಚೀಟಿಯನ್ನು ಅಂಗಡಿಗೆ ಒಯ್ದು, ಸಣ್ಣಕ್ಷರದಲ್ಲಿ ಒಂದೇ ಔಷಧದ ಹೆಸರಿದೆಯೇ ಎಂದು ಅಲ್ಲಿಯೇ ನೋಡಿ ತನ್ನಿ.

ಉತ್ತರ — ಚರ್ಮರೋಗ ವೈದ್ಯೆ, ಮೈಸೂರು

ಚಿಗುರು ಅವರೇ, ಮೊದಲು ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆಗೆ ಉತ್ತರ. ನೀವು ಬಳಸಿದ್ದು ಅರ್ಧ ಟ್ಯೂಬು, ಸುಮಾರು 7 ಗ್ರಾಂ. ಬಸಿರಿನಲ್ಲಿ ಪ್ರಬಲ ಸ್ಟಿರಾಯ್ಡ್ ಮುಲಾಮಿನ ಬಗ್ಗೆ ನಡೆದ ಅಧ್ಯಯನಗಳಲ್ಲಿ ಮಗುವಿನ ತೂಕ ಕಡಿಮೆಯಾಗುವ ಸಂಬಂಧ ಕಂಡಿರುವುದು ಇಡೀ ಗರ್ಭಾವಧಿಯಲ್ಲಿ ಒಟ್ಟು 300 ಗ್ರಾಂಗೂ ಹೆಚ್ಚು ಬಳಸಿದವರಲ್ಲಿ. ನಿಮ್ಮ ಒಂಬತ್ತು ದಿನಗಳಿಂದ ಮಗುವಿಗೆ ತೊಂದರೆಯಾಗಿರುವ ಸಂಭವ ತೀರಾ ಕಡಿಮೆ. ಆ ಟ್ಯೂಬನ್ನು ಮಾತ್ರ ಇನ್ನು ಮುಟ್ಟಬೇಡಿ. ತೊಡೆಸಂದಿಯ ಚರ್ಮ ತೆಳುವಾದದ್ದು, ಸ್ಟಿರಾಯ್ಡ್ ಅಲ್ಲಿ ಹೆಚ್ಚು ಹೀರಿಕೊಳ್ಳುತ್ತದೆ ಮತ್ತು ಬಸಿರಿನ ಗೆರೆಗಳಿಗಿಂತ ಅಗಲವಾದ, ಅಳಿಯದ ಕೆಂಪು ಗೆರೆಗಳನ್ನು ಉಳಿಸಿಬಿಡುತ್ತದೆ. ಹಾಗೆಯೇ ಉಂಗುರದ ಆಕಾರವನ್ನು ಅಳಿಸಿ, ರೋಗವನ್ನು ವೈದ್ಯರೂ ಗುರುತಿಸಲಾಗದಂತೆ ಮರೆಮಾಡುತ್ತದೆ. ಆದ್ದರಿಂದ ಪರೀಕ್ಷೆಗೆ ಹೋಗುವಾಗ ಆ ಟ್ಯೂಬನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಬಸುರಿಯರ ಹುಳುಕಡ್ಡಿಗೆ ನಾವು ಮೊದಲು ಆರಿಸುವುದು ಕ್ಲೋಟ್ರಿಮಜೋಲ್ 1 ಪರ್ಸೆಂಟ್ ಅಥವಾ ಮೈಕೊನಜೋಲ್ 2 ಪರ್ಸೆಂಟ್ ಮುಲಾಮು, ಅದೂ ಒಂಟಿಯಾಗಿ, ಬೇರೇನೂ ಬೆರೆಯದ್ದು. ಇವು ದಶಕಗಳಿಂದ ಬಸುರಿಯರಲ್ಲಿ ಬಳಕೆಯಾಗಿವೆ. ಒಡೆಯದ ಚರ್ಮದ ಮೇಲೆ ಹಚ್ಚಿದರೆ ರಕ್ತಕ್ಕೆ ಸೇರುವ ಪ್ರಮಾಣ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ನಿಮ್ಮ ಟ್ಯೂಬಿನಲ್ಲಿದ್ದ ಟರ್ಬಿನಾಫಿನ್ ಕೂಡ ಶಿಲೀಂಧ್ರ ಕೊಲ್ಲುವ ಔಷಧವೇ, ಅದರ ಮುಲಾಮಿನಿಂದ ಬಸಿರಿನಲ್ಲಿ ಹಾನಿಯಾದ ಸುಳಿವಿಲ್ಲ. 2020ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೂ ಹಾಗೆಯೇ ಹೇಳಿತು. ಆದರೂ ಅನುಭವದ ರಾಶಿ ಕ್ಲೋಟ್ರಿಮಜೋಲ್‌ನದೇ ದೊಡ್ಡದು. ಲುಲಿಕೊನಜೋಲ್ ಇಂದು ಎಲ್ಲ ಅಂಗಡಿಗಳಲ್ಲೂ ಮುಂದೆ ಕುಳಿತಿದೆ, ಆದರೆ ಬಸುರಿಯರಲ್ಲಿ ಅದರ ಬಳಕೆಯ ಮಾಹಿತಿ ಇನ್ನೂ ಕಡಿಮೆ. ಬಸುರಿಯ ವಿಷಯದಲ್ಲಿ ನಾನು ಯಾವಾಗಲೂ ಹಳೆಯ ಔಷಧವನ್ನೇ ನಂಬುತ್ತೇನೆ. ಅದರ ಗುಣವೂ ಗೊತ್ತು, ದೋಷವೂ ಗೊತ್ತು.

ಹಚ್ಚುವ ಬಗೆಯಲ್ಲಿ ಬಹಳ ಮಂದಿ ತಪ್ಪುತ್ತಾರೆ. ಕೆಂಪು ಕಂಡಲ್ಲಿ ಮಾತ್ರ ಹಚ್ಚಿದರೆ ಸಾಲದು. ಶಿಲೀಂಧ್ರ ಅಂಚಿನಲ್ಲಿ ಬೆಳೆಯುತ್ತಾ ಹೊರಕ್ಕೆ ಸರಿಯುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಚರ್ಮದಲ್ಲೂ ಎರಡು ಬೆರಳಿನ ಅಗಲದಷ್ಟು ದೂರ ಆಗಲೇ ಸೇರಿರುತ್ತದೆ. ಸ್ನಾನ ಮಾಡಿ, ಒರೆಸಿ, ಫ್ಯಾನಿನ ಕೆಳಗೆ ಐದು ನಿಮಿಷ ಕುಳಿತು ಚರ್ಮ ಪೂರ್ತಿ ಒಣಗಿದ ಮೇಲೆ, ಹೊರಗಿನ ಆ ಅಂಚಿನಿಂದ ಶುರುಮಾಡಿ ಒಳಕ್ಕೆ ಬನ್ನಿ. ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದಿನಕ್ಕೆ ಎರಡು ಬಾರಿ ಹಚ್ಚಿ. ಉಂಗುರ ಮಾಯವಾದ ಮೇಲೂ ಎರಡು ವಾರ ಬಿಡಬೇಡಿ. ಒಟ್ಟು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ನಮ್ಮ ದೇಶದಲ್ಲಿ ಈಚೆಗೆ ಹಬ್ಬಿರುವ, 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರ ಬಹಳ ಹಟಮಾರಿ. ಟರ್ಬಿನಾಫಿನ್‌ಗೆ ಅನೇಕ ಬಾರಿ ಬಗ್ಗುವುದಿಲ್ಲ. ಅಂಥದ್ದಾದರೆ ಹೆರಿಗೆಯವರೆಗೆ ಮುಲಾಮಿನಿಂದ ಹಿಡಿತದಲ್ಲಿಟ್ಟು, ಪೂರ್ತಿ ಚಿಕಿತ್ಸೆಯನ್ನು ಆಮೇಲೆ ಕೊಡುವುದೂ ಉಂಟು. ಸಂಪೂರ್ಣ ವಾಸಿಯಾಗಲಿಲ್ಲವೆಂದು ಬೇಸರಗೊಂಡು ಬಲವಾದದ್ದೇನನ್ನೋ ಹುಡುಕಿ ಹೋಗಬೇಡಿ. ಸೊಂಟದ ಹುಳುಕಡ್ಡಿ ಗರ್ಭದೊಳಗಿನ ಮಗುವಿಗೆ ತಗಲುವುದಿಲ್ಲ. ಕಾಯಲು ನಿಮಗೆ ಸಮಯವಿದೆ.

ಕ್ಯಾಪ್ಸೂಲುಗಳು ಖಂಡಿತ ಬೇಡ. ಹಚ್ಚುವುದು ಬೇರೆ, ನುಂಗುವುದು ಬೇರೆ. ನುಂಗಿದ ಔಷಧ ರಕ್ತದಲ್ಲಿ ಸುತ್ತುತ್ತದೆ. ಹುಳುಕಡ್ಡಿಗೆಂದು ಇಟ್ರಾಕೊನಜೋಲ್ ಮತ್ತು ಗ್ರಿಸಿಯೋಫಲ್ವಿನ್ ಬಸುರಿಯರಿಗೆ ಕೊಡುವುದಿಲ್ಲ. ಶಿಲೀಂಧ್ರಕ್ಕೆಂದು ನುಂಗುವ ಇನ್ನೊಂದು ಔಷಧವಾದ ಫ್ಲುಕೊನಜೋಲ್ ಬಗ್ಗೆ ಡೆನ್ಮಾರ್ಕಿನಲ್ಲಿ ಸುಮಾರು 14 ಲಕ್ಷ ಬಸಿರುಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 7ರಿಂದ 22ನೇ ವಾರದ ನಡುವೆ ಅದನ್ನು ನುಂಗಿದವರಲ್ಲಿ, ಹಚ್ಚುವ ಔಷಧ ಬಳಸಿದವರಿಗಿಂತ ಗರ್ಭಪಾತ ಹೆಚ್ಚು ಕಂಡಿತು. ತಿಳಿಯದೆ ಒಂದು ಮಾತ್ರೆ ನುಂಗಿದವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಅವರಲ್ಲಿಯೂ ಬಹುಪಾಲು ಬಸಿರುಗಳು ಮುಂದುವರಿದಿವೆ. ಪ್ರಸೂತಿ ತಜ್ಞರಿಗೆ ತಿಳಿಸಿದರೆ ಸಾಕು.

ಅತ್ತೆಯವರ ಮಾತಿನ ಹಿಂದೆ ನಿಮ್ಮ ಮೇಲಿನ ಕಾಳಜಿಯಿದೆ, ಅದನ್ನು ಗೌರವದಿಂದಲೇ ಕೇಳಿ. ಆದರೆ ಜಜ್ಜಿದ ಬೆಳ್ಳುಳ್ಳಿಯನ್ನು ಕಟ್ಟಿಕೊಂಡು ಸುಟ್ಟಗಾಯದಂತೆ ಬೊಬ್ಬೆ ಎದ್ದ ತೊಡೆಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಒಡೆದ ಚರ್ಮ ಯಾವ ಔಷಧವನ್ನಾದರೂ ಹೆಚ್ಚು ಒಳಕ್ಕೆ ಬಿಡುತ್ತದೆ, ಕೀವನ್ನೂ ತರುತ್ತದೆ. ತಗಚೆ ಸೊಪ್ಪಿಗೆ ಹುಳುಕಡ್ಡಿಯ ಮದ್ದೆಂಬ ಹೆಸರು ಹಳೆಯದು. ಈಗ ಕೆರಳಿರುವ ಚರ್ಮದ ಮೇಲೆ ಅದನ್ನು ಪ್ರಯೋಗಿಸುವುದು ಬೇಡ. ಸ್ಯಾಲಿಸಿಲಿಕ್ ಆಮ್ಲವಿರುವ ಹಳೆಯ ಕಾಲದ ಮುಲಾಮುಗಳನ್ನೂ ಅಗಲವಾದ ಜಾಗಕ್ಕೆ ಬಸಿರಿನಲ್ಲಿ ಹಚ್ಚಬಾರದು.

ಕೊನೆಯದಾಗಿ ಲಂಗದ ಲಾಡಿ. ಸೀರೆ ಉಡುವ ಹೆಂಗಸರಲ್ಲಿ ಹುಳುಕಡ್ಡಿ ಸೊಂಟದ ಸುತ್ತ ಗೆರೆ ಎಳೆದಂತೆ ಬರುವುದು ಆ ಬಿಗಿತ ಮತ್ತು ಅಲ್ಲಿ ನಿಲ್ಲುವ ಬೆವರಿನಿಂದ. ಹೊಟ್ಟೆ ಬೆಳೆಯುತ್ತಿರುವಾಗ ಲಾಡಿಯನ್ನು ಇನ್ನೂ ಕೆಳಗೆ, ಇನ್ನೂ ಬಿಗಿಯಾಗಿ ಕಟ್ಟುತ್ತೇವೆ. ಶಾಲೆಗೆ ಸಡಿಲವಾದ ಹತ್ತಿಯ ಚೂಡಿದಾರ ಹಾಕಲು ಅನುಮತಿಯಿದ್ದರೆ ಹಾಕಿ, ಇಲ್ಲದಿದ್ದರೆ ಅಗಲವಾದ ಪಟ್ಟಿ ಹೊಲಿದ ಲಂಗ ಬಳಸಿ. ಉಡಿದಾರವಿದ್ದರೆ ತೆಗೆದಿಡಿ. ಒಳಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು, ಮುಚ್ಚುಮರೆಯಲ್ಲಿ ಸೀರೆಯ ಕೆಳಗೆ ಒಣಹಾಕದೆ, ನೇರ ಬಿಸಿಲಿಗೆ ಹರವಿ, ಹೊಲಿಗೆಯ ಮೇಲೆ ಇಸ್ತ್ರಿ ಆಡಿಸಿ. ನಿಮ್ಮ ಯಜಮಾನರಿಗೆ ಈಗಲೂ ಹುಳುಕಡ್ಡಿ ಇದ್ದರೆ ಅವರೂ ಈ ಬಾರಿ ನಿಮ್ಮ ಜೊತೆಗೇ ವೈದ್ಯರಿಗೆ ತೋರಿಸಿ ಪೂರ್ತಿ ಚಿಕಿತ್ಸೆ ಪಡೆಯಲಿ. ಇಲ್ಲವಾದರೆ ಒಬ್ಬರದು ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಂದ ಮತ್ತೆ ಹತ್ತುತ್ತದೆ. ಟವೆಲು ಬೇರೆ ಬೇರೆ ಇರಲಿ.

ಉತ್ತರ — ಎರಡು ಮಕ್ಕಳ ತಾಯಿ, ಶಿರಸಿ

ತಂಗೀ, ಬಿಳಿಮುಟ್ಟಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಏಕೆಂದರೆ ನಾಚಿಕೆಯಿಂದ ನಾನು ಕಳೆದುಕೊಂಡ ಮೂರು ವಾರ ನಿಮ್ಮದಾಗಬಾರದು.

ಎರಡನೆಯ ಬಸಿರಿನ ಏಳನೇ ತಿಂಗಳಲ್ಲಿ ನನಗೆ ಒಡೆದ ಮೊಸರಿನ ಗಡ್ಡೆಯಂತೆ ಬಿಳಿ ಹೋಗತೊಡಗಿತು, ಒಳಗೆ ವಿಪರೀತ ತುರಿಕೆ, ಮೂತ್ರ ಮಾಡಿದರೆ ಉರಿ. ನೆರೆಮನೆಯವರೊಬ್ಬರು ಹೇಳಿದರೆಂದು ಯೋನಿಯೊಳಗೆ ಒಂದೇ ರಾತ್ರಿ ಇಟ್ಟುಕೊಳ್ಳುವ ಮಾತ್ರೆಯನ್ನು ಅಂಗಡಿಯಿಂದ ತರಿಸಿಕೊಂಡೆ. ನಾಲ್ಕು ದಿನ ಹಾಯೆನಿಸಿ ಮತ್ತೆ ಹಾಗೆಯೇ ಆಯಿತು. ಕೊನೆಗೆ ಪ್ರಸೂತಿ ತಜ್ಞೆಯ ಹತ್ತಿರ ಹೋದಾಗ ಅವರು ಗದರಲಿಲ್ಲ, ನಗಲಿಲ್ಲ. ಇದು ಕ್ಯಾಂಡಿಡಾ ಎಂಬ ಬೇರೆಯೇ ಶಿಲೀಂಧ್ರ, ಬಸಿರಿನಲ್ಲಿ ಬಹಳ ಸಾಮಾನ್ಯ, ಹುಳುಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಬಸುರಿಯರಿಗೆ ಒಂದೇ ರಾತ್ರಿಯ ಚಿಕಿತ್ಸೆಗಿಂತ ಏಳು ರಾತ್ರಿಯದು ಒಳ್ಳೆಯದೆಂದು ಹಾಗೆಯೇ ಒಳಗೆ ಇಟ್ಟುಕೊಳ್ಳುವ 100 ಮಿಲಿಗ್ರಾಂನ ಕ್ಲೋಟ್ರಿಮಜೋಲ್ ಮಾತ್ರೆಗಳನ್ನು ಬರೆದುಕೊಟ್ಟರು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೊಳವೆಯಿರುತ್ತದೆ, ಅದನ್ನು ಆಳಕ್ಕೆ ತಳ್ಳಬೇಡಿ, ಕೈ ಸೋಪಿನಿಂದ ತೊಳೆದು ಬೆರಳಿನಿಂದಲೇ ಇಟ್ಟುಕೊಳ್ಳಿ ಎಂದು ನರ್ಸ್ ತೋರಿಸಿಕೊಟ್ಟರು. ಮೊದಲ ರಾತ್ರಿ ಸ್ವಲ್ಪ ಉರಿಯಿತು. ಮೂರನೆಯ ರಾತ್ರಿಗೆ ತುರಿಕೆ ಹೋಗಿತ್ತು, ಆದರೂ ಏಳನ್ನೂ ಮುಗಿಸಿದೆ.

ಅವರು ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಇಂದಿಗೂ ಋಣಿ. ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿದರು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ 140ರ ಒಳಗಿರಬೇಕಾದದ್ದು ನನ್ನದು 168 ಇತ್ತು. ಶಿಲೀಂಧ್ರ ಮರಳಿ ಮರಳಿ ಬರಲು ಅದೂ ಕಾರಣವಾಗಿತ್ತು. ನಿಮಗೆ ಈಗ 22ನೇ ವಾರ. 24ರಿಂದ 28ರ ನಡುವೆ ಆ ಪರೀಕ್ಷೆಯನ್ನು ತಪ್ಪದೆ ಮಾಡಿಸಿ.

ಎಲ್ಲ ಬಿಳಿಮುಟ್ಟೂ ಸೋಂಕಲ್ಲ. ತುರಿಕೆ, ವಾಸನೆ, ಉರಿ ಯಾವುದೂ ಇಲ್ಲದೆ ತೆಳ್ಳಗೆ ಹೆಚ್ಚಾಗಿದ್ದರೆ ಅದು ಬಸಿರಿನ ಸಹಜ ಗುಣ. ಮೀನಿನಂಥ ವಾಸನೆ ಬಂದರೆ ಅದು ಬೇರೆ ಸೋಂಕು, ಈ ಮಾತ್ರೆಗೆ ಹೋಗುವುದಿಲ್ಲ. ನೀರಿನಂತೆ ಸೋರಿದರೆ, ರಕ್ತ ಕಂಡರೆ, ಜ್ವರ ಅಥವಾ ಕೆಳಹೊಟ್ಟೆ ನೋವು ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಬಾಯಿ ಬಿಡಲು ಸಂಕೋಚವಾದರೆ ನಾನು ಮಾಡಿದಂತೆ ಮಾಡಿ: ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟು ವೈದ್ಯರ ಕೈಗೆ ಕೊಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಲೇಡಿ ಡಾಕ್ಟರ್ ಎಲ್ಲಿರುತ್ತಾರೆಂದು ಹೇಳುತ್ತಾರೆ.

ಮರುಪ್ರತಿಕ್ರಿಯೆ — ಚೈತ್ರದ ಚಿಗುರು, ಮೂರು ವಾರಗಳ ನಂತರ

ಮೂವರಿಗೂ ಕೈಮುಗಿಯುತ್ತೇನೆ. ಅಕ್ಕ ಹೇಳಿದಂತೆ ಚೀಟಿ ಬರೆದು ತಾಯಿ ಕಾರ್ಡಿನಲ್ಲಿಟ್ಟು ಕೊಟ್ಟೆ. ವೈದ್ಯರು ಓದಿ, ಚರ್ಮದ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಉಂಗುರದ ಅಂಚಿನ ಹೊಟ್ಟನ್ನು ಬ್ಲೇಡಿನ ಮೊಂಡು ಬದಿಯಿಂದ ಮೆಲ್ಲಗೆ ಕೆರೆದು ಗಾಜಿನ ಮೇಲೆ ಉದುರಿಸಿಕೊಂಡು, ಒಂದು ಹನಿ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಾನು ಶಿಕ್ಷಕಿ ಎಂದು ತಿಳಿದು ನನಗೂ ತೋರಿಸಿದರು: ಬೇರಿನಂತೆ ಕವಲೊಡೆದ ಸಣ್ಣ ಎಳೆಗಳು. ಒಂಟಿ ಕ್ಲೋಟ್ರಿಮಜೋಲ್ ಬರೆದುಕೊಟ್ಟಿದ್ದಾರೆ. ಬಿಳಿಮುಟ್ಟು ಸಹಜವಾದದ್ದೇ ಎಂದರು, ಅದಕ್ಕೆ ಔಷಧ ಕೊಡಲಿಲ್ಲ. ಯಜಮಾನರೂ ಚಿಕಿತ್ಸೆ ಪಡೆಯುತ್ತಿದ್ದಾರೆ. ಅತ್ತೆಯವರೇ ಈಗ ನನ್ನ ಲಂಗಗಳಿಗೆ ಅಗಲ ಪಟ್ಟಿ ಹೊಲಿದುಕೊಟ್ಟಿದ್ದಾರೆ.

ಮೊದಲ ವಾರ ಬಹಳ ಕಷ್ಟವಾಯಿತು, ತುರಿಕೆ ಸ್ಟಿರಾಯ್ಡ್ ಹಚ್ಚಿದಾಗಿನಂತೆ ಥಟ್ಟನೆ ಇಳಿಯಲಿಲ್ಲ. ಈಗ ಉಬ್ಬಿದ ಅಂಚು ಹೋಗಿ, ತುರಿಕೆಯೂ ನಿಂತು, ಕಂದು ಕಲೆ ಮಾತ್ರ ಉಳಿದಿದೆ. ಮುಲಾಮು ನಿಲ್ಲಿಸಬಹುದೇ? ಕಲೆ ಹೋಗುವವರೆಗೂ ಹಚ್ಚಬೇಕೇ? ಹೆರಿಗೆಯ ನಂತರ ಮತ್ತೆ ಬಂದರೆ, ಮಗುವಿಗೆ ಹಾಲೂಡಿಸುವಾಗ ಇದನ್ನೇ ಹಚ್ಚಬಹುದೇ?

ಉತ್ತರ — ಚರ್ಮರೋಗ ವೈದ್ಯೆ, ಮೈಸೂರು

ತುಂಬಾ ಸಂತೋಷವಾಯಿತು. ಕಲೆ ಶಿಲೀಂಧ್ರವಲ್ಲ, ಅದು ಉರಿಯೂತ ಬಿಟ್ಟುಹೋದ ಗುರುತು. ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಬಸಿರಿನಲ್ಲಿ ಚರ್ಮ ಸಹಜವಾಗಿಯೇ ಕಪ್ಪಾಗುವುದರಿಂದ ಇನ್ನೂ ಸ್ವಲ್ಪ ತಡವಾಗಬಹುದು. ಅದಕ್ಕಾಗಿ ಬಿಳುಪು ತರುವ ಕ್ರೀಮುಗಳನ್ನು ಹಚ್ಚಬೇಡಿ, ಅವುಗಳಲ್ಲಿಯೂ ಸ್ಟಿರಾಯ್ಡ್ ಬೆರೆತಿರುವುದುಂಟು. ಅಂಚು ಮತ್ತು ಹೊಟ್ಟು ಮಾಯವಾದದ್ದು ಯಾವ ದಿನವೆಂದು ನೆನಪಿಸಿಕೊಂಡು, ಅಲ್ಲಿಂದ ಹದಿನಾಲ್ಕು ದಿನ ಎಣಿಸಿ ಆ ತಾರೀಖನ್ನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಡಿ. ಅಲ್ಲಿಯವರೆಗೆ ಒಂದು ಹೊತ್ತೂ ತಪ್ಪಿಸಬೇಡಿ. ನಿಮಗೆ ಬರೆದುಕೊಟ್ಟ ವೈದ್ಯರು ಇನ್ನೂ ಹೆಚ್ಚು ದಿನ ಹೇಳಿದ್ದರೆ ಅವರ ಮಾತೇ ನಡೆಯಲಿ.

ಹಾಲೂಡಿಸುವಾಗ ಸೊಂಟ, ತೊಡೆಗಳಿಗೆ ಕ್ಲೋಟ್ರಿಮಜೋಲ್ ಹಚ್ಚಲು ಅಡ್ಡಿಯಿಲ್ಲ. ಮೊಲೆಯ ಹತ್ತಿರ ಬಂದರೆ ಮಾತ್ರ ನೀವಾಗಿ ಹಚ್ಚದೆ ತೋರಿಸಿ. ಮುಲಾಮು ಹಚ್ಚಿದ ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ, ಮತ್ತು ಸೊಂಟದಲ್ಲಿ ಹುಳುಕಡ್ಡಿ ಇರುವಷ್ಟು ದಿನ ಮಗುವನ್ನು ಬರಿಮೈಯಲ್ಲಿ ಆ ಜಾಗಕ್ಕೆ ಒತ್ತಿಕೊಳ್ಳದೆ ನಡುವೆ ಒಗೆದ ಬಟ್ಟೆಯೊಂದನ್ನು ಹಾಕಿಕೊಳ್ಳಿ.